ದೂರು ಕೊಟ್ಟವಳನ್ನೇ ಯಾಕೆ ಎಬ್ಬಿಸುತ್ತೀರಿ?

ಸಂಪಾದಕರಿಗೆ ನಮಸ್ಕಾರ.

ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ದೂರು ಕೇಳಲು ಎಲ್ಲೆಲ್ಲಿ ಆಂತರಿಕ ಸಮಿತಿ ಇದೆ, ಎಲ್ಲೆಲ್ಲಿ ಇಲ್ಲ ಎಂದು ಜಿಲ್ಲೆ ಜಿಲ್ಲೆಯಲ್ಲೂ ಲೆಕ್ಕ ತೆಗೆಯಿರಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಒಳ್ಳೆಯದೇ. ಆದರೆ ಬರೀ ಎಣಿಕೆ ಮಾಡಿದರೆ ನಾನು ಕೆಲಸ ಮಾಡಿದ ಫ್ಯಾಕ್ಟರಿಗೆ ನೂರಕ್ಕೆ ನೂರು ಮಾರ್ಕ್ಸ್ ಬರುತ್ತಿತ್ತು. ಅಲ್ಲಿ ಸಮಿತಿ ಇತ್ತು. ಅದರಲ್ಲಿ ನಾನೂ ಇದ್ದೆ. ಅದಕ್ಕೇ ಈ ಪತ್ರ.

ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ 17 ವರ್ಷ ದುಡಿದೆ. ಹೆಲ್ಪರ್ ಆಗಿ ಸೇರಿದೆ, ಟೈಲರ್ ಆದೆ, ಕೊನೆಗೆ ಚೆಕ್ಕಿಂಗ್‌ಗೆ ಹಾಕಿದರು. ಈಗ ಊರಲ್ಲೇ ಬ್ಲೌಸ್ ಹೊಲೆಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ನನ್ನ ಹೆಸರು, ವಿಳಾಸ ನಿಮ್ಮ ಹತ್ತಿರ ಇರಲಿ, ಅಚ್ಚು ಹಾಕಬೇಡಿ. ಭಯಕ್ಕಲ್ಲ. ಸಮಿತಿಗೆ ಬಂದ ದೂರು ಯಾರದು ಅಂತ ಹೊರಗೆ ಬಿಟ್ಟುಕೊಡುವ ಹಾಗಿಲ್ಲ, ಅದು ಕಾನೂನು. ಗುರುತು ಸಿಗದ ಹಾಗೆ ನ್ಯಾಯ ಸಿಕ್ಕ ಸಂಗತಿ ಹೇಳಬಹುದು ಅಂತಲೂ ಅದೇ ಕಾನೂನಿನಲ್ಲಿದೆ. ಹಾಗಾಗಿ ಮುಂದೆ ಬರುವ ಲೈನ್ ನಂಬರು, ಕೆಲಸ, ಇನ್ನೂ ಒಂದೆರಡು ವಿವರ ಬದಲಿಸಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ.

ನಾನು ಸಮಿತಿ ಸೇರಿದ್ದು ಹೇಗೆ ಗೊತ್ತಾ? ಒಂದು ದಿನ ಎಚ್.ಆರ್. ಮೇಡಂ ಕರೆದು ಒಂದು ಹಾಳೆ ಮುಂದಿಟ್ಟು ಸೈನ್ ಹಾಕಿಸಿಕೊಂಡರು. ಪಿ.ಎಫ್. ಪೇಪರು ಅಂದುಕೊಂಡೆ. ವಾರ ಕಳೆದ ಮೇಲೆ ಕ್ಯಾಂಟೀನ್ ಗೋಡೆಯ ಬೋರ್ಡಿನಲ್ಲಿ ನನ್ನ ಹೆಸರು ನೋಡಿ ಪಕ್ಕದವಳು ಬಂದು ಹೇಳಿದಳು. ಹೆಸರು ತಪ್ಪಾಗಿ ಬರೆದಿದ್ದರು. ನನ್ನ ಮೇಲಿದ್ದ ಇನ್ನೊಂದು ಹೆಸರಿನ ಹೆಂಗಸು ಕೆಲಸ ಬಿಟ್ಟು ಆಗಲೇ ಆರು ತಿಂಗಳಾಗಿತ್ತು. ಬೋರ್ಡಿನ ಮುಂದೆ ನೀರಿನ ಡ್ರಮ್ಮು. ನಮ್ಮ ಬಟ್ಟೆ ಕೊಳ್ಳುವ ಕಂಪನಿಯವರು, ಅಂದರೆ ಬಯ್ಯರ್ ಕಡೆಯವರು ಆಡಿಟ್‌ಗೆ ಬರುವ ಹಿಂದಿನ ದಿನ ಡ್ರಮ್ಮು ಪಕ್ಕಕ್ಕೆ ಹೋಗುತ್ತಿತ್ತು, ಅವರು ಹೋದ ಮಾರನೇ ದಿನ ವಾಪಸ್ ಬರುತ್ತಿತ್ತು.

ಆಮೇಲೆ ಒಂದು ದಿನದ ತರಬೇತಿ ಕೊಟ್ಟರು. ಕಾನೂನಿನ ಪ್ರಕಾರ ಸಮಿತಿಯಲ್ಲಿ ಕಂಪನಿಗೆ ಸೇರದ ಒಬ್ಬರು ಹೊರಗಿನವರು ಇರಲೇಬೇಕು. ನಮಗೆ ಒಂದು ಮಹಿಳಾ ಸಂಸ್ಥೆಯ ಮೇಡಂ ಬರುತ್ತಿದ್ದರು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿ ಅವರ ಕಥೆಯನ್ನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಸರ್ಕಾರದ ಕೆಲಸ ಅಂತಲೇ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಆ ತಾಯಿಯ ಮೇಲೆ ಗುಂಪು ಅತ್ಯಾಚಾರ ಆಯಿತು. ಆಕೆಗೆ ಆದದ್ದನ್ನು ಹಿಡಿದು ಸಂಘಟನೆಗಳು ಕೋರ್ಟಿಗೆ ಹೋದವು. 1997ರಲ್ಲಿ ಸುಪ್ರೀಂ ಕೋರ್ಟ್, ಕೆಲಸದ ಜಾಗದಲ್ಲಿ ಇಂಥ ಕಿರುಕುಳ ತಡೆಯಲು ಮಾಲೀಕರು ಏನು ಮಾಡಬೇಕು ಅಂತ ಹೇಳುವ ವಿಶಾಖಾ ತೀರ್ಪು ಕೊಟ್ಟಿತು. ಕಾನೂನು ಆಗಲು 2013ರವರೆಗೆ ಕಾಯಬೇಕಾಯಿತು. ದೊಡ್ಡ ದೊಡ್ಡ ಆಫೀಸಿನ ಹೆಂಗಸರಿಗೆ ಮಾಡಿದ ಕಾನೂನು ಇರಬೇಕು ಅಂತ ನಾನು ಅಂದುಕೊಂಡಿದ್ದೆ. ನಮ್ಮಂಥ ಕೂಲಿಯವರೊಬ್ಬರ ಕಣ್ಣೀರಿನಿಂದ ಬಂದಿದೆ ಅಂತ ಗೊತ್ತಾದ ದಿನ ಆ ಬೋರ್ಡಿನ ಮುಂದಿನ ಡ್ರಮ್ಮನ್ನು ನಾನೇ ಎಳೆದು ಪಕ್ಕಕ್ಕಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ.

ನಾಲ್ಕನೇ ಲೈನಿನಲ್ಲಿ ಕಾಲರ್ ಕೂರಿಸುವ ಒಬ್ಬಳು ಹುಡುಗಿ. ಇಪ್ಪತ್ತೆರಡೋ ಇಪ್ಪತ್ಮೂರೋ. ಕೈ ಬಹಳ ಚುರುಕು. ಮಿಷನ್ನಿನ ತಲೆಗೆ ಒಂದು ಕೆಂಪು ದಾರ ಸುತ್ತಿದ್ದಳು, ಮಾದಪ್ಪನ ಬೆಟ್ಟದಿಂದ ತಂದದ್ದು. ಆ ಲೈನಿನ ಸೂಪರ್‌ವೈಸರ್ ಮೊದಮೊದಲು ಪೀಸ್ ನೋಡುವ ನೆಪದಲ್ಲಿ ಹಿಂದೆ ಬಂದು ಬಾಗಿ ನಿಲ್ಲುತ್ತಿದ್ದ. ಅವಳು ಕುರ್ಚಿ ಮುಂದೆ ಎಳೆದುಕೊಂಡಳು. ಆಮೇಲೆ ರಾತ್ರಿ ಹೊತ್ತು ಮೆಸೇಜು. ಆಮೇಲೆ ಭಾನುವಾರ ಬಾ ಅಂದ. ಅವಳು ಆಗಲ್ಲ ಸಾರ್ ಅಂದಳು. ಅಷ್ಟೇ ನೋಡಿ, ಮಾರನೇ ದಿನದಿಂದ ಅವಳ ಬದುಕು ಬೇರೆಯಾಯಿತು. ಟಾಯ್ಲೆಟ್‌ಗೆ ಹೋಗಲು ಟೋಕನ್ ಕೇಳಿದರೆ ಇನ್ನೊಬ್ಬರು ತಗೊಂಡು ಹೋಗಿದ್ದಾರೆ ಅನ್ನುತ್ತಿದ್ದ. ಟೋಕನ್ ಅವನ ಜೇಬಿನಲ್ಲೇ ಇರುತ್ತಿತ್ತು. ರಜಾ ಚೀಟಿಗೆ ಸೈನ್ ಇಲ್ಲ. ಚೆನ್ನಾಗಿರುವ ಪೀಸನ್ನೂ ಆಲ್ಟರೇಷನ್, ಅಂದರೆ ಬಿಚ್ಚಿ ಮತ್ತೆ ಹೊಲೆಯಬೇಕು ಅಂತ ಅವಳ ತೊಡೆಯ ಮೇಲೆ ಎಸೆಯುತ್ತಿದ್ದ. ಇಡೀ ಲೈನ್ ನೋಡುತ್ತಿತ್ತು. ಯಾರೂ ತಲೆ ಎತ್ತುತ್ತಿರಲಿಲ್ಲ, ಟಾರ್ಗೆಟ್ ಎಲ್ಲರಿಗೂ ಇತ್ತಲ್ಲ.

ಊಟದ ಹೊತ್ತಲ್ಲಿ ನಾನೇ ಕೇಳಿದೆ. "ಬುಡಕ್ಕ, ಯಾರ್ ಕೇಳ್ತಾರೆ, ದೀಪಾವಳಿ ಬೋನಸ್ ಬರ್ಲಿ, ಬುಟ್ಟೋಯ್ತಿನಿ" ಅಂದಳು. ಇದು ಅವಳೊಬ್ಬಳ ಮಾತಲ್ಲ. ಬೋನಸ್‌ಗೆ ಕಾಯುವವರು, ಮಗುವಿನ ಸ್ಕೂಲ್ ಫೀಸ್‌ಗೆ ಕಾಯುವವರು, ಸಂಘದ ಸಾಲ ತೀರಲಿ ಅಂತ ಕಾಯುವವರು ಎಷ್ಟು ಜನ! ಆದರೆ ದೂರು ಕೊಡಲು ಕಾನೂನಿನಲ್ಲಿ ಇರುವುದು ಮೂರು ತಿಂಗಳು. ಕಾರಣ ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಇದನ್ನು ಎಷ್ಟು ಕಂಪನಿಗಳು ಹೆಂಗಸರಿಗೆ ಬಾಯಿಬಿಟ್ಟು ಹೇಳಿವೆ?

ಕೊನೆಗೆ ಬರೆದುಕೊಡಲು ಒಪ್ಪಿದಳು. ಅವಳಿಗೆ ಬರವಣಿಗೆ ಅಷ್ಟಕ್ಕಷ್ಟೇ. ಬರೆಯಲು ಆಗದವರಿಗೆ ಸಮಿತಿಯವರೇ ಬರೆಯಲು ನೆರವಾಗಬೇಕು ಅಂತ ಕಾನೂನಿದೆ, ಅವಳು ಹೇಳಿದ ಹಾಗೆ ನಾನೇ ಬರೆದೆ. ದೂರಿನ ಆರು ಪ್ರತಿ ಕೊಡಬೇಕು ಅಂತ ನಿಯಮ. ಎಚ್.ಆರ್. ಮೇಡಂ, "ಹೊರಗೆ ಜೆರಾಕ್ಸ್ ಮಾಡಿಸಿಕೊಂಡು ಬಾ" ಅಂತ ಅವಳ ಕೈಗೇ ಕೊಟ್ಟರು. ಗೇಟಿನ ಎದುರು ಇರುವುದು ಒಂದೇ ಜೆರಾಕ್ಸ್ ಅಂಗಡಿ. ಸೂಪರ್‌ವೈಸರ್‌ಗಳೆಲ್ಲ ಟೀ ಕುಡಿಯುವುದು ಅದರ ಪಕ್ಕದಲ್ಲೇ. ಅಂಗಡಿಯವನು ಕನ್ನಡ ಓದಬಲ್ಲ. ಸಂಜೆ ವ್ಯಾನ್ ಹತ್ತುವಷ್ಟರಲ್ಲಿ ರಾಮನಗರದವರೆಗೂ ಸುದ್ದಿ ಮುಟ್ಟಿತ್ತು.

ಮಾರನೇ ಬೆಳಿಗ್ಗೆ ಇನ್ನೊಂದು. ಫ್ಲೋರಿನ ಮೈಕಿನಲ್ಲಿ ಅವಳ ಹೆಸರು ಕೂಗಿ, ಎಚ್.ಆರ್. ರೂಮಿಗೆ ಬರಬೇಕು ಅಂದರು. ಮುನ್ನೂರು ಮಿಷನ್ ಒಂದು ಕ್ಷಣ ನಿಂತಂತಾಯಿತು. ಅವಳು ಎದ್ದು ಹೋಗುವಾಗ ಅಷ್ಟೂ ಜನರ ಕಣ್ಣು ಅವಳ ಬೆನ್ನ ಮೇಲೆ.

ಅಲ್ಲಿಂದ ವಾಪಸ್ ಬರುವಷ್ಟರಲ್ಲಿ ಅವಳ ಮಿಷನ್ ಮುಂದೆ ಬೇರೆಯವಳು ಕೂತಿದ್ದಳು. ಇವಳನ್ನು ಫಿನಿಶಿಂಗ್‌ಗೆ ಹಾಕಿದ್ದರು. ನೂಲು ಕತ್ತರಿಸುವ ಕೆಲಸ, ಹೆಲ್ಪರ್ ಕೆಲಸ. "ಅವಳ ಒಳ್ಳೆಯದಕ್ಕೇ, ಅವನ ಕಣ್ಣಿಗೆ ಬೀಳದ ಹಾಗೆ" ಅಂದರು ಪ್ರೊಡಕ್ಷನ್ ಮ್ಯಾನೇಜರ್ ಸಾಹೇಬರು. ಅವನು ಅದೇ ಲೈನಿನಲ್ಲಿ, ಅದೇ ಟೋಕನ್ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಕೆಂಪು ದಾರ ಮಿಷನ್ ಮೇಲೇ ಇತ್ತು. ಹೊಸದಾಗಿ ಕೂತವಳು ಅದನ್ನು ಬಿಚ್ಚಲು ಹೋಗಲಿಲ್ಲ.

ಸಂಪಾದಕರೇ, ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಕುರ್ಚಿಗಾಗಿ. ದೂರು ಕೊಟ್ಟರೆ ಏನಾಗುತ್ತದೆ ಅಂತ ಮಾಲೀಕರು ಸಾವಿರ ಪೋಸ್ಟರ್ ಹಚ್ಚಿ ಹೇಳಬಹುದು. ಆ ಬೆಳಿಗ್ಗೆ ಮುನ್ನೂರು ಜನಕ್ಕೆ ಗೊತ್ತಾದದ್ದು ಒಂದೇ: ಬಾಯಿ ಬಿಟ್ಟರೆ ಎದ್ದು ಹೋಗಬೇಕಾದವಳು ನೀನೇ. ಅದಾದ ಮೇಲೆ ಒಂದು ವರ್ಷ ನಮಗೆ ಒಂದೇ ಒಂದು ದೂರು ಬರಲಿಲ್ಲ. ಆಡಿಟ್ ಹಾಳೆಯಲ್ಲಿ ಆ ವರ್ಷದ ಲೆಕ್ಕ ಸೊನ್ನೆ. ಮ್ಯಾನೇಜ್‌ಮೆಂಟ್‌ನವರು ಅದನ್ನು ಹೆಮ್ಮೆಯಿಂದ ತೋರಿಸಿದರು.

ಕಾನೂನು ಏನು ಹೇಳುತ್ತೆ? ವಿಚಾರಣೆ ನಡೆಯುವಾಗ ದೂರು ಕೊಟ್ಟವಳನ್ನೋ, ಯಾರ ಮೇಲೆ ದೂರು ಇದೆಯೋ ಅವನನ್ನೋ ಬೇರೆ ಕಡೆ ಹಾಕಬಹುದು. ಆದರೆ ಅವಳು ಬರೆದು ಕೇಳಿದರೆ, ಸಮಿತಿ ಶಿಫಾರಸು ಮಾಡಿದರೆ ಮಾತ್ರ. ಬೇಕಾದರೆ ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಅದನ್ನು ಅವಳ ಮಾಮೂಲಿ ರಜೆಯಲ್ಲಿ ಮುರಿಯುವ ಹಾಗಿಲ್ಲ. ಅವಳ ಕೆಲಸದ ಬಗ್ಗೆ ಅವನು ವರದಿ ಬರೆಯದ ಹಾಗೆ ತಡೆಯಬಹುದು. ನಮ್ಮ ಹುಡುಗಿ ಏನನ್ನೂ ಬರೆದು ಕೇಳಿರಲಿಲ್ಲ. ಕೇಳುವ ಮೊದಲೇ ಎಬ್ಬಿಸಿದ್ದರು.

ವಿಚಾರಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಹೆಚ್ಚು ಕಲಿತದ್ದು ಅಲ್ಲೇ. ಅವನು ಬಂದು, "ಎಲ್ಲಾ ಸುಳ್ಳು ಮೇಡಂ, ಕೆಲಸ ಸರಿ ಮಾಡಲ್ಲ, ಬೈದಿದ್ದಕ್ಕೆ ಹೀಗೆ ಮಾಡಿದ್ದಾಳೆ" ಅಂದ. ಸಾಕ್ಷಿ ಹೇಳಲು ಲೈನಿನವರು ಯಾರೂ ಬರಲಿಲ್ಲ. ಮೆಸೇಜುಗಳನ್ನು ಅವಳು ಹೆದರಿ ಅಳಿಸಿಬಿಟ್ಟಿದ್ದಳು. ಮುಗಿಯಿತು ಅಂತ ನಾನಂದುಕೊಂಡೆ. ಹೊರಗಿನಿಂದ ಬರುತ್ತಿದ್ದ ಮೇಡಂ ಮಾತ್ರ ಸುಮ್ನೆ ಕನ್ನಡಕ ಒರೆಸಿಕೊಂಡು, "ಆಲ್ಟರೇಷನ್ ಬುಕ್ಕು ಎಲ್ಲಿರುತ್ತೆ?" ಅಂತ ಕೇಳಿದರು.

ಚೆಕ್ಕಿಂಗ್‌ನವಳು ನಾನು. ಯಾರ ಎಷ್ಟು ಪೀಸು ವಾಪಸ್ ಹೋಯಿತು ಅಂತ ಬರೆಯುವ ಆ ಬುಕ್ಕು ನನ್ನ ಕೈಯಲ್ಲೇ ತುಂಬುತ್ತಿದ್ದದ್ದು, ನನಗೇ ಹೊಳೆದಿರಲಿಲ್ಲ. ತೆಗೆದು ನೋಡಿದೆವು. ನಾಲ್ಕು ತಿಂಗಳು ಅವಳ ಹೆಸರಿನ ಮುಂದೆ ದಿನಕ್ಕೆ ಮೂರು, ನಾಲ್ಕು, ಒಮ್ಮೊಮ್ಮೆ ಸೊನ್ನೆ. ಅವಳು ಅವನಿಗೆ ಆಗಲ್ಲ ಸಾರ್ ಅಂದ ವಾರದಿಂದ ಇಪ್ಪತ್ತೆರಡು, ಮೂವತ್ತು, ಇಪ್ಪತ್ತೇಳು. ಮಿಷನ್ ಅದೇ, ಕಾಲರ್ ಅದೇ, ಬಟ್ಟೆ ಅದೇ. ಹಿಂದೆಯೇ ರಜಾ ಚೀಟಿಗಳ ಕಂತೆ ತರಿಸಿದರು. ಅವಳು ಆಗಲ್ಲ ಅಂದ ಮೇಲಿನ ಎರಡು ತಿಂಗಳಲ್ಲಿ ಲೈನಿನ ಎಲ್ಲರಿಗೂ ಒಂದಲ್ಲ ಒಂದು ರಜೆ ಸಿಕ್ಕಿತ್ತು, ಅವಳೊಬ್ಬಳನ್ನು ಬಿಟ್ಟು. ಅವನ ಮುಖದಲ್ಲಿ ಬೆವರು ಕಂಡದ್ದು ಆಗಲೇ. ಜನ ಬಾಯಿ ಬಿಡದಿದ್ದರೂ ರಿಜಿಸ್ಟರ್ ಬಾಯಿ ಬಿಡುತ್ತದೆ ಅಂತ ಅವನಿಗೂ ಗೊತ್ತಿರಲಿಲ್ಲ ಪಾಪ.

ಅದಕ್ಕೇ ಮಾಲೀಕರಲ್ಲಿ ಕೇಳಿಕೊಳ್ಳುತ್ತೇನೆ. ದೂರು ಬಂದ ಗಂಟೆಯಲ್ಲೇ ಆ ಲೈನಿನ ರಿಜಿಸ್ಟರ್, ರಜಾ ಚೀಟಿ, ಗೇಟ್ ಪಾಸು, ಸಿ.ಸಿ. ಕ್ಯಾಮೆರಾದ ರೆಕಾರ್ಡು ಎಲ್ಲವನ್ನೂ ತೆಗೆದು ಬೀಗ ಹಾಕಿ ಸಮಿತಿಯ ಕೈಗೆ ಕೊಡಿ. ತಡ ಮಾಡಿದರೆ ಕ್ಯಾಮೆರಾದಲ್ಲಿ ಏನೂ ಉಳಿದಿರುವುದಿಲ್ಲ, ರಿಜಿಸ್ಟರ್‌ನಲ್ಲಿ ವೈಟ್ನರ್ ಬಿದ್ದಿರುತ್ತದೆ.

ವಿಚಾರಣೆಯನ್ನು 90 ದಿನದೊಳಗೆ ಮುಗಿಸಬೇಕು. ನಾವು ಮುಗಿಸಿದೆವು. ಸುಲಭ ಇರಲಿಲ್ಲ. ವಿಚಾರಣೆ ಇದ್ದ ದಿನ ನನ್ನ ಟಾರ್ಗೆಟ್ ಯಾರೂ ಕಡಿಮೆ ಮಾಡುತ್ತಿರಲಿಲ್ಲ. ಎರಡು ಗಂಟೆ ಆ ರೂಮಿನಲ್ಲಿ ಕೂತು ಬಂದರೆ ನನ್ನ ಟೇಬಲ್ ಮೇಲೆ ಶರ್ಟಿನ ಗುಡ್ಡ. ಸೂಪರ್‌ವೈಸರ್‌ಗಳು ನನ್ನನ್ನು "ಜಡ್ಜಮ್ಮ" ಅಂತ ಕರೆದು ನಗುತ್ತಿದ್ದರು. ಹೊರಗಿನ ಮೇಡಂಗೆ ನಿಯಮದಲ್ಲಿ ಬರೆದಿರುವ ಭತ್ಯೆ ದಿನಕ್ಕೆ 200 ರೂಪಾಯಿ ಮತ್ತು ಓಡಾಟದ ಖರ್ಚು. ಆ ಇನ್ನೂರಕ್ಕೂ ಅವರು ವೋಚರ್ ಹಿಡಿದು ಅಕೌಂಟ್ಸ್ ಕಿಟಕಿಯ ಮುಂದೆ ನಿಂತದ್ದನ್ನು ನಾನೇ ನೋಡಿದ್ದೇನೆ. ಸಮಿತಿಗೆ ಕೂತವರ ಹೊತ್ತಿಗೆ ಬೆಲೆ ಕೊಡದ ಕಂಪನಿ ಸಮಿತಿ ಇಟ್ಟುಕೊಂಡು ಏನು ಮಾಡುತ್ತೆ?

ಕಡೆಗೆ ನಾವು ಕೊಟ್ಟ ವರದಿ ಇದು: ಆರೋಪ ನಿಜ. ಅವನನ್ನು ಸೂಪರ್‌ವೈಸರ್ ಕೆಲಸದಿಂದ ಇಳಿಸಿ. ಇನ್‌ಕ್ರಿಮೆಂಟ್ ತಡೆಯಿರಿ. ಅವಳಿಗೆ ಪರಿಹಾರವನ್ನು ಅವನ ಸಂಬಳದಿಂದ ಹಿಡಿದು ಕೊಡಿ. ಅವಳನ್ನು ಅವಳ ಮಿಷನ್‌ಗೆ ವಾಪಸ್ ಕೂರಿಸಿ. ಕಂಪನಿಗೆ 60 ದಿನ ಇತ್ತು. ಐವತ್ತೆಂಟನೇ ದಿನ ಮಾಡಿದರು. ಅವನನ್ನು ಇನ್ನೊಂದು ಯೂನಿಟ್‌ಗೆ ಹಾಕಿದರು. ಅವಳು ಬಂದು ನಾಲ್ಕನೇ ಲೈನಿನಲ್ಲಿ ಕೂತಳು. ದಾರ ಮುಟ್ಟಿ ನೋಡಿದಳು. ನಾಲ್ಕು ತಿಂಗಳು ಹೊಲೆದಳು, ಆಮೇಲೆ ಬಿಟ್ಟಳು. ಯಾಕೆ ಅಂತ ನಾನು ಕೇಳಲಿಲ್ಲ. ಬೇರೆ ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ಟೈಲರ್ ಆಗಿದ್ದಾಳೆ, ಚೆನ್ನಾಗಿದ್ದಾಳೆ.

"ಸುಳ್ಳು ದೂರು ಕೊಟ್ಟರೆ?" ಅಂತ ಗಂಡಸರು ಮೊದಲು ಕೇಳುತ್ತಾರೆ. ಬೇಕಂತಲೇ ಸುಳ್ಳು ದೂರು ಕೊಟ್ಟವರ ಮೇಲೂ ಕ್ರಮ ಇದೆ. ಆದರೆ ಸಾಕ್ಷಿ ಒದಗಿಸಲು ಆಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳಾಗಲ್ಲ ಅಂತ ಕಾನೂನೇ ಬಿಡಿಸಿ ಹೇಳಿದೆ. ನಾನು ಕೆಲಸ ಕಲಿತದ್ದು ಒಬ್ಬ ವಯಸ್ಸಾದ ಮಾಸ್ಟರ್ ಹತ್ತಿರ. ಹೊಲಿಗೆ ತೋರಿಸಬೇಕಾದರೆ ನಮ್ಮನ್ನು ಎದ್ದು ನಿಲ್ಲಲು ಹೇಳಿ, ತಾವು ಕೂತು ಹೊಲೆದು ತೋರಿಸಿ, ಎದ್ದು ಹೋಗುತ್ತಿದ್ದರು. ಹಿಂದಿನಿಂದ ಬಾಗಿ ಕೈ ಹಿಡಿದು ಕಲಿಸುವ ಅಗತ್ಯ ಅವರಿಗೆ ಒಂದು ದಿನವೂ ಬರಲಿಲ್ಲ. ಮಾಲೀಕರು ಬೇಕಾದರೆ ಇದನ್ನೇ ನಿಯಮ ಮಾಡಲಿ, ಖರ್ಚೇನೂ ಇಲ್ಲ.

ಇನ್ನೊಂದು ಮಾತು ಜಾಸ್ತಿ ಕೇಳಿದ್ದೇನೆ: "ನಮ್ಮ ಹೆಂಗಸರು ಮಾತೇ ಆಡಲ್ಲ, ನಾವೇನು ಮಾಡೋಣ?" ಮಾತಾಡಲ್ವಾ? 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ನಿಯಮ ತಂದಾಗ ಇದೇ ಗಾರ್ಮೆಂಟ್ಸ್ ಹೆಂಗಸರು ಎರಡು ದಿನ ಬೆಂಗಳೂರಿನ ರಸ್ತೆಗಳನ್ನು ನಿಲ್ಲಿಸಿದರು. ಹೊಸೂರು ರಸ್ತೆಯಲ್ಲಿ ಗಾಡಿ ಅಲ್ಲಾಡಲಿಲ್ಲ. ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ಬೀದಿಯಲ್ಲಿ ದೆಹಲಿಗೆ ಕೇಳುವ ಹಾಗೆ ಕೂಗಿದವರು ಫ್ಲೋರಿನಲ್ಲಿ ಯಾಕೆ ತುಟಿ ಬಿಚ್ಚಲ್ಲ? ಬೀದಿಯಲ್ಲಿ ಅವರ ಟಾಯ್ಲೆಟ್ ಟೋಕನ್ ಒಬ್ಬ ಗಂಡಸಿನ ಜೇಬಿನಲ್ಲಿ ಇರಲಿಲ್ಲ.

ತಡೆಯುವುದು ಅಂದರೆ ನನ್ನ ಮಟ್ಟಿಗೆ ಮೊದಲು ಆ ಜೇಬು ಖಾಲಿ ಮಾಡಿಸುವುದು. ಟೋಕನ್ ಪದ್ಧತಿಯೇ ಬೇಡ. ರಜಾ ಚೀಟಿ ಸೂಪರ್‌ವೈಸರ್ ಕೈಗೆ ಹೋಗುವುದು ಬೇಡ, ಆಫೀಸ್ ಕಿಟಕಿಯಲ್ಲಿ ಕೊಟ್ಟು ನಂಬರ್ ಹಾಕಿಸಿಕೊಳ್ಳುವ ಹಾಗಿರಲಿ. ಕೊಡಲ್ಲ ಅಂದರೆ ಕಾರಣ ಬರೆದುಕೊಡಲಿ. ಆಲ್ಟರೇಷನ್ ಯಾರದಾದರೂ ಒಮ್ಮೆಗೇ ಏರಿದರೆ ಯಾಕೆ ಅಂತ ಬೇರೆಯವರು ಬಂದು ನೋಡಲಿ. ನಮ್ಮಲ್ಲಿ ಆ ಕೇಸ್ ಆದ ಮೇಲೆ ಹೊರಗಿನ ಮೇಡಂ ಪಟ್ಟು ಹಿಡಿದು ರಜಾ ಚೀಟಿಯನ್ನು ಕಿಟಕಿಗೆ ತರಿಸಿದರು. ಟೋಕನ್ ಹೋಗಲಿಲ್ಲ, ಗೋಡೆಯ ಮೊಳೆಗೆ ಬಂತು. ಅಷ್ಟಕ್ಕೇ ಲೈನುಗಳಲ್ಲಿ ಉಸಿರಾಟ ಸ್ವಲ್ಪ ಸಲೀಸಾಯಿತು.

ಸಮಿತಿಗೆ ಹೋಗುವವರು ಯಾರು ಅಂತ ಹೆಂಗಸರೇ ಹೇಳಲಿ. ಪಿ.ಎಫ್. ಪೇಪರು ಅಂತ ಸೈನ್ ಹಾಕಿಸಿಕೊಳ್ಳುವುದು ಬೇಡ. ಬೋರ್ಡಿನಲ್ಲಿ ಇರುವ ಫೋನ್ ನಂಬರ್‌ಗೆ ತಿಂಗಳಿಗೊಮ್ಮೆ ಮಾಲೀಕರೇ ಫೋನ್ ಮಾಡಿ ನೋಡಲಿ, ಯಾರು ಎತ್ತುತ್ತಾರೆ ಅಂತ. ಬೋರ್ಡು ಹೆಂಗಸರ ಟಾಯ್ಲೆಟ್ ಒಳಗೂ ಇರಲಿ, ಅಲ್ಲಿ ನಿಂತು ಓದಿದರೆ ಯಾರೂ ನೋಡಲ್ಲ. ಮೈಕಿನಲ್ಲಿ ಕರೆಯಬೇಡಿ. ಜೆರಾಕ್ಸ್ ಒಳಗೇ ಮಾಡಿಕೊಡಿ.

ವ್ಯಾನ್ ವಿಷಯ ಮರೆಯುತ್ತಿದ್ದೆ. ರಾಮನಗರ, ಮಾಗಡಿ, ಕನಕಪುರ, ಮದ್ದೂರು ಕಡೆಯಿಂದ ಎಷ್ಟೋ ಹೆಣ್ಣುಮಕ್ಕಳು ಫ್ಯಾಕ್ಟರಿ ವ್ಯಾನಿನಲ್ಲಿ ಬಂದು ಹೋಗುತ್ತಾರೆ. ಕೊನೆಯ ಸ್ಟಾಪಿನಲ್ಲಿ ಇಳಿಯುವ ಹುಡುಗಿ ಎಷ್ಟು ಹೊತ್ತು ಡ್ರೈವರ್ ಜೊತೆ ಒಬ್ಬಳೇ ಇರುತ್ತಾಳೆ ಅಂತ ಯಾವ ಮ್ಯಾನೇಜರ್‌ಗಾದರೂ ಗೊತ್ತಾ? ಕಂಪನಿ ಕೊಟ್ಟ ಗಾಡಿಯೂ ಕಾನೂನಿನ ಲೆಕ್ಕದಲ್ಲಿ ಕೆಲಸದ ಜಾಗವೇ. ಗಾಡಿ ಕಂಟ್ರಾಕ್ಟರ್‌ದು, ನಮಗೆ ಸಂಬಂಧ ಇಲ್ಲ ಅನ್ನುವ ಹಾಗಿಲ್ಲ.

ಇನ್ನು ಸಣ್ಣ ಜಾಗದವರು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ ಮಾಡಬೇಕಿಲ್ಲ. ಬಟ್ಟೆ ಅಂಗಡಿ, ಸಣ್ಣ ಹೊಲಿಗೆ ಯೂನಿಟ್, ಡಾಕ್ಟರ ಕ್ಲಿನಿಕ್, ಮನೆಗೆಲಸ, ಇವರೆಲ್ಲ ಎಲ್ಲಿಗೆ ಹೋಗಬೇಕು? ಜಿಲ್ಲೆಗೊಂದು ಸ್ಥಳೀಯ ಸಮಿತಿ ಅಂತ ಇರಬೇಕು. ದೂರು ಮಾಲೀಕನ ಮೇಲೇ ಇದ್ದರೆ ದೊಡ್ಡ ಫ್ಯಾಕ್ಟರಿಯವರೂ ಹೋಗಬೇಕಾದದ್ದು ಅಲ್ಲಿಗೇ. ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುವ ಹೆಣ್ಣುಮಕ್ಕಳನ್ನು ಹೋದ ತಿಂಗಳು ಪೂರ್ತಿ ಕೇಳಿದೆ. ಅಂಗಡಿಯಲ್ಲಿ ನಿಲ್ಲುವವರು, ಮನೆಗೆಲಸದವರು, ಒಬ್ಬಳು ನರ್ಸು. ಇಂಥ ಸಮಿತಿ ಇದೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನರ್ಸು ಮಾತ್ರ ಅಳತೆ ಕೊಟ್ಟು ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದು, "ಅಕ್ಕಾ, ಅದು ಎಲ್ಲಿರೋದು?" ಅಂತ ಕೇಳಿದಳು.

ಸಂಪಾದಕರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಚಿನ್ನದ ರೇಟು ದಿನಾ ಹಾಕುತ್ತೀರಿ, ಅಡಿಕೆ ರೇಟು ಹಾಕುತ್ತೀರಿ, ಅಣೆಕಟ್ಟಿನ ನೀರಿನ ಮಟ್ಟವೂ ಹಾಕುತ್ತೀರಿ. ತಿಂಗಳಿಗೆ ಒಂದು ಸಲ ಆ ಜಾಗದ ಪಕ್ಕದಲ್ಲೇ ಜಿಲ್ಲಾವಾರು ಸ್ಥಳೀಯ ಸಮಿತಿಯ ವಿಳಾಸ ಮತ್ತು ಫೋನ್ ನಂಬರ್ ಹಾಕಿ. ಹಾಕುವ ಮೊದಲು ಒಂದು ಸಲ ಫೋನ್ ಮಾಡಿ ನೋಡಿ, ಯಾರಾದರೂ ಎತ್ತುತ್ತಾರಾ ಅಂತ. ಎತ್ತದಿದ್ದರೆ ಅದನ್ನೂ ಹಾಕಿ. ಆ ನರ್ಸಿನ ಬ್ಲೌಸು ಶುಕ್ರವಾರ ಕೊಡುತ್ತೇನೆ ಅಂದಿದ್ದೇನೆ. ಅಷ್ಟರೊಳಗೆ ನಮ್ಮ ಜಿಲ್ಲೆಯ ನಂಬರ್ ನಾನೇ ಹುಡುಕಿ ಬಿಲ್ಲಿನ ಹಿಂದೆ ಬರೆದಿಡಬೇಕು.

ಇತಿ,
ಒಬ್ಬ ಮಾಜಿ ಗಾರ್ಮೆಂಟ್ಸ್ ಕೆಲಸಗಾರ್ತಿ
ರಾಮನಗರ ಕಡೆಯವಳು